ಬ್ರಿಟನ್ನಿನ ಬಾಜಿ ಅಂಗಡಿ: ಲೈಸೆನ್ಸ್ ಕೊಡುವವರು ಯಾರು, ಇಲ್ಲ ಅನ್ನುವುದು ಯಾವಾಗ?

ಲಂಡನ್ನಿನ ಒಂದು ಬೀದಿಯಲ್ಲಿ ಆಗಲೇ ಐದು ಬಾಜಿ ಅಂಗಡಿಗಳಿವೆ (ಕುದುರೆ ಓಟದಂಥವುಗಳ ಮೇಲೆ ದುಡ್ಡು ಕಟ್ಟುವ ಬೆಟ್ಟಿಂಗ್ ಅಂಗಡಿಗಳು) ಅಂದುಕೊಳ್ಳಿ. ಆರನೆಯದಕ್ಕೆ ಅರ್ಜಿ ಬಂದಿದೆ. "ಇರುವುದೇ ಸಾಕು, ಇನ್ನೊಂದು ಬೇಡ" ಎಂದು ಅಲ್ಲಿನ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತ, ಲೈಸೆನ್ಸ್ ನಿರಾಕರಿಸಬಹುದಾ? ಯಾಕಾಗಬಾರದು ಅನ್ನಿಸುತ್ತದೆ, ಅಲ್ವಾ? ಆದರೆ ಆ ಒಂದು ಕಾರಣಕ್ಕೆ ನಿರಾಕರಿಸುವಂತಿಲ್ಲ. ಅದು ಯಾಕೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1853ರಲ್ಲಿ ಬಾಜಿ ಮನೆಗಳನ್ನು ನಿಷೇಧಿಸಿದರು. 1906ರಲ್ಲಿ ಬೀದಿ ಬಾಜಿಯನ್ನೂ ನಿಷೇಧಿಸಿದರು. ಬುಕ್ಕಿಯ ಬಳಿ ಸಾಲದ ಖಾತೆ ಇದ್ದವರು ಮಾತ್ರ ಮನೆಯಿಂದಲೇ ಫೋನ್ ಮಾಡಿ ಕುದುರೆ ಮೇಲೆ ದುಡ್ಡು ಕಟ್ಟಬಹುದಿತ್ತು. ಕೂಲಿಕಾರ ಬೀದಿಯಲ್ಲಿ ನಾಲ್ಕು ಕಾಸು ಕಟ್ಟಿದರೆ ಪೊಲೀಸರು ಹಿಡಿಯುತ್ತಿದ್ದರು. ಉಳ್ಳವರಿಗೊಂದು, ಇಲ್ಲದವರಿಗೊಂದು ಕಾನೂನು. 1960ರ ಕಾಯ್ದೆ ಇದನ್ನು ಬದಲಿಸಿತು. 1961ರ ಮೇ 1ರಿಂದ ರೇಸ್ ಕೋರ್ಸ್‌ನ ಹೊರಗೂ ಲೈಸೆನ್ಸ್ ಪಡೆದ ಅಂಗಡಿಗಳು ತೆರೆದವು. ಆಗ ಲೈಸೆನ್ಸ್ ಕೊಡುತ್ತಿದ್ದವರು ಮ್ಯಾಜಿಸ್ಟ್ರೇಟರು. ಈ ಪ್ರದೇಶಕ್ಕೆ ಇಷ್ಟು ಅಂಗಡಿ ಸಾಕು ಎಂದು ಅವರು ಅರ್ಜಿ ತಳ್ಳಿಹಾಕಬಹುದಿತ್ತು. ಅಂಗಡಿಯೊಳಗೆ ಜನ ಜಾಸ್ತಿ ಹೊತ್ತು ನಿಲ್ಲಬಾರದೆಂದು ಟಿವಿಗೂ ಅವಕಾಶ ಕೊಟ್ಟಿರಲಿಲ್ಲ. ಆ ಬಿಗಿ ಸಡಿಲಾದದ್ದು 1986ರಲ್ಲಿ.

ಈಗ ನಡೆಯುತ್ತಿರುವುದು 2005ರ ಜೂಜು ಕಾಯ್ದೆ. ಅದು ಪೂರ್ತಿ ಜಾರಿಗೆ ಬಂದದ್ದು 2007ರ ಸೆಪ್ಟೆಂಬರ್ 1ಕ್ಕೆ. ಇದರಲ್ಲಿ ಮೂರು ಬಗೆಯ ಲೈಸೆನ್ಸ್ ಇವೆ. ವ್ಯಾಪಾರ ನಡೆಸುವ ಕಂಪನಿಗೊಂದು, ಮುಖ್ಯ ಹುದ್ದೆಯಲ್ಲಿರುವವರಿಗೊಂದು. ಇವೆರಡನ್ನೂ ಕೊಡುವುದು ಜೂಜಿನ ಮೇಲೆ ನಿಗಾ ಇಡುವ ಸಂಸ್ಥೆಯಾದ ಗ್ಯಾಂಬ್ಲಿಂಗ್ ಕಮಿಷನ್. ಮೂರನೆಯದು ಜಾಗಕ್ಕೆ. ಅದನ್ನು ಕೊಡುವುದು ಸ್ಥಳೀಯ ಆಡಳಿತ. ಕೌಂಟರಿನಲ್ಲಿ ಕುಳಿತು ಚೀಟಿ ಹರಿಯುವ ಹುಡುಗನಿಗೆ ಸ್ವಂತ ಲೈಸೆನ್ಸ್ ಬೇಕಿಲ್ಲ. ಕಾನೂನು ಪರೀಕ್ಷೆಯಲ್ಲಿ ಇದನ್ನು ತಪ್ಪಾಗಿ ಬರೆಯುವವರು ಬಹಳ.

ಗಲಾಟೆ ಆಗುವುದೆಲ್ಲ ಮೂರನೆಯದರ ಸುತ್ತ. ಅರ್ಜಿದಾರ ಅಂಗಡಿಯ ಮುಂದೆ 28 ದಿನ ನೋಟಿಸ್ ಹಾಕಬೇಕು, ಸ್ಥಳೀಯ ಪತ್ರಿಕೆಯಲ್ಲೂ ಪ್ರಕಟಿಸಬೇಕು. ಪೊಲೀಸರು, ಹತ್ತಿರದ ನಿವಾಸಿಗಳು, ಅಲ್ಲಿ ವ್ಯಾಪಾರ ಇರುವವರು ಆಕ್ಷೇಪಣೆ ಸಲ್ಲಿಸಬಹುದು. ಆದರೆ ಆಕ್ಷೇಪಣೆಗೆ ಬೆಲೆ ಬರಬೇಕಾದರೆ ಅದು ಕಾಯ್ದೆಯ ಮೂರು ಉದ್ದೇಶಗಳಿಗೆ ಅಂಟಿಕೊಂಡಿರಬೇಕು: ಜೂಜು ಅಪರಾಧಕ್ಕೆ ದಾರಿಯಾಗಬಾರದು, ಆಟ ನ್ಯಾಯವಾಗಿ ಮತ್ತು ಮುಚ್ಚುಮರೆ ಇಲ್ಲದೆ ನಡೆಯಬೇಕು, ಮಕ್ಕಳಿಗೂ ಸುಲಭವಾಗಿ ಬಲಿಯಾಗುವವರಿಗೂ ಹಾನಿಯಾಗಬಾರದು. "ಜೂಜು ಕೆಟ್ಟದ್ದು" ಎಂಬ ವಾದ ನಿಲ್ಲುವುದಿಲ್ಲ. 153ನೇ ಸೆಕ್ಷನ್ ಪ್ರಕಾರ, ಈ ಉದ್ದೇಶಗಳಿಗೆ ಮತ್ತು ಕಮಿಷನ್ನಿನ ಮಾರ್ಗಸೂಚಿಗೆ ಹೊಂದಿಕೊಂಡರೆ ಕೌನ್ಸಿಲ್ ಅನುಮತಿ ಕೊಡುವ ಕಡೆಗೇ ವಾಲಬೇಕು. ಆ ಜಾಗದಲ್ಲಿ ಬೇಡಿಕೆ ಎಷ್ಟಿದೆ ಎಂದು ನೋಡಲೇಬಾರದು ಎಂದೂ ಅದೇ ಸೆಕ್ಷನ್ ಹೇಳುತ್ತದೆ. ಹಳೇ ಮ್ಯಾಜಿಸ್ಟ್ರೇಟರ ಕೈಯಲ್ಲಿದ್ದ ಅಸ್ತ್ರವನ್ನೇ ಕಿತ್ತುಕೊಂಡ ಹಾಗಾಯಿತು. ನನ್ನ ಮಟ್ಟಿಗೆ ಇಡೀ ಕಾಯ್ದೆಯ ಅತಿ ದೊಡ್ಡ ಬದಲಾವಣೆ ಇದೇ. ಬಡವರ ಬಡಾವಣೆಗಳಲ್ಲಿ ಇದರ ಭಾರ ಜಾಸ್ತಿ.

ಲೈಸೆನ್ಸಿನ ಜೊತೆ ಷರತ್ತುಗಳೂ ಬರುತ್ತವೆ. 18 ವರ್ಷದೊಳಗಿನವರಿಗೆ ಪ್ರವೇಶವಿಲ್ಲ ಎಂಬ ಬೋರ್ಡು ಬಾಗಿಲಲ್ಲೇ ಇರಬೇಕು. ಒಳಗೆ ಬರುವುದು ಬೀದಿಯಿಂದ, ಅಥವಾ ಇನ್ನೊಂದು ಬಾಜಿ ಅಂಗಡಿಯಿಂದ. ದಿನಸಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಸುಮ್ನೆ ಒಂದು ಕೌಂಟರ್ ಇಟ್ಟರೆ ನಡೆಯುವುದಿಲ್ಲ. ಒಳಗೆ ಮದ್ಯ ಕುಡಿಯುವಂತಿಲ್ಲ, ಸಂಗೀತ, ಕುಣಿತ ಇಲ್ಲ. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಬಂದ್. ಈ ವೇಳೆಯ ಷರತ್ತನ್ನು ಮಾತ್ರ ಕೌನ್ಸಿಲ್ ಬದಲಿಸಬಹುದು, ಉಳಿದವು ಕಡ್ಡಾಯ.

ಜೂಜಿನ ಯಂತ್ರಗಳು ನಾಲ್ಕಕ್ಕಿಂತ ಹೆಚ್ಚು ಇರಬಾರದು. ಕುದುರೆಗೂ ಈ ಯಂತ್ರಕ್ಕೂ ಏನು ಸಂಬಂಧ ಅನ್ನಬಹುದು. ಸಂಬಂಧ ಇರುವುದು ದುಡ್ಡಿನಲ್ಲಿ. ಒಂದೊಂದು ಅಂಗಡಿಗೆ ನಾಲ್ಕು ಅಂದಾಗ, ಯಂತ್ರ ಹೆಚ್ಚು ಬೇಕಾದರೆ ಪಕ್ಕದಲ್ಲೇ ಇನ್ನೊಂದು ಅಂಗಡಿ ತೆರೆಯಬೇಕು. ಬೀದಿಯಲ್ಲಿ ಅಂಗಡಿಗಳು ಸಾಲುಗಟ್ಟಲು ಇದೂ ಒಂದು ಕಾರಣ ಎಂಬ ದೂರು ಬಂತು. ಕೆಲವು ಯಂತ್ರಗಳಲ್ಲಿ ಒಂದು ಆಟಕ್ಕೆ 100 ಪೌಂಡ್ ಕಟ್ಟಬಹುದಿತ್ತು. 2019ರ ಏಪ್ರಿಲ್ 1ರಿಂದ ಅದು 2 ಪೌಂಡಿಗೆ ಇಳಿಯಿತು.

ನಮ್ಮ 1952ರ ಮೈಸೂರು ರೇಸ್ ಕೋರ್ಸ್ ಲೈಸೆನ್ಸಿಂಗ್ ಕಾಯ್ದೆ ಓದಿಕೊಂಡವರು ಇಲ್ಲಿ ಎಚ್ಚರ. ಅಲ್ಲಿ ಲೈಸೆನ್ಸ್ ರೇಸ್ ಕೋರ್ಸಿಗೆ, ಕೊಡುವುದು ರಾಜ್ಯ ಸರ್ಕಾರ. ಅದೇ ಚೌಕಟ್ಟನ್ನು ಬ್ರಿಟನ್ನಿನ ಬೀದಿ ಅಂಗಡಿಗೆ ಹೊಂದಿಸಲು ಹೋದರೆ ಎಲ್ಲ ಕಲಸುಮೇಲೋಗರ. ಉತ್ತರ ಐರ್ಲೆಂಡಿಗೆ 1985ರ ಬೇರೆ ಕಾನೂನಿದೆ, ಅದನ್ನೂ ಇದರೊಳಗೆ ಸೇರಿಸಬೇಡಿ.

ಹಾಗಾದರೆ ಆರನೇ ಅಂಗಡಿಯನ್ನು ತಡೆಯಲು ದಾರಿಯೇ ಇಲ್ಲವಾ? ಇದೆ, ಆದರೆ ಬೇರೆ ಇಲಾಖೆಯಲ್ಲಿ. 2015ರ ಏಪ್ರಿಲ್‌ನಿಂದ ಇಂಗ್ಲೆಂಡಿನಲ್ಲಿ ಬ್ಯಾಂಕಿನಂಥ ಮಳಿಗೆಯನ್ನು ಬಾಜಿ ಅಂಗಡಿ ಮಾಡಲು ನಗರ ಯೋಜನೆಯ ಅನುಮತಿ ಪ್ರತ್ಯೇಕವಾಗಿ ಬೇಕು. ಒಂದೇ ಕಡೆ ಅಂಗಡಿ ಗುಂಪುಗೂಡುವ ಪ್ರಶ್ನೆಯನ್ನು ಅಲ್ಲಿ ಎತ್ತಬಹುದು. ಆದರೆ ಆ ಅನುಮತಿ ಸಿಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿ ಲೈಸೆನ್ಸ್ ತೀರ್ಮಾನಿಸುವಂತಿಲ್ಲ, 210ನೇ ಸೆಕ್ಷನ್ ಅದನ್ನು ತಡೆಯುತ್ತದೆ. ಒಂದೇ ಕೌನ್ಸಿಲ್, ಎರಡು ಕಡತ.