ಎರಡನೇ ಟಾಕಿ ಕೂರಿಸುವ ಮೊದಲು ರಿಟರ್ನ್ ಪೈಪು ನೋಡಿ

ಕಳೆದ ಬೇಸಿಗೆಯಲ್ಲಿ ಗದಗಿನ ಲಾರಿ ಮಾಲಕರೊಬ್ಬರು ಅಣ್ಣಿಗೇರಿ ಹತ್ತಿರದಿಂದ ನಮ್ಮ ಹುಬ್ಬಳ್ಳಿ ಗ್ಯಾರೇಜಿಗೆ ಫೋನ್ ಮಾಡಿದರು. "ಸರ, ಒಂದು ಟಾಕಿ ತುಂಬಿ ರಸ್ತೆ ಮ್ಯಾಲೆ ಚೆಲ್ಲಾಕತ್ತೈತಿ. ಗಾಡಿ ನೋಡಿದ್ರ ಡೀಸೆಲ್ ಇಲ್ಲ ಅಂತ ನಿಂತೈತಿ." ನಗು ಬಂತು, ಆದರೆ ನಗಲಿಲ್ಲ. "ರಿಟರ್ನ್ ಪೈಪು ಯಾವ ಟಾಕಿಗೆ ಹೋಗೈತಿ ನೋಡ್ರಿ" ಅಂದೆ. ಒಂದು ನಿಮಿಷ ಆ ಕಡೆ ಸದ್ದಿಲ್ಲ. ಆಮೇಲೆ, "ಹಳೇದಕ್ಕ ಐತ್ರಿ. ಎಳಿಯೂದು ಹೊಸಾದರಿಂದ."

ಅಷ್ಟೇ ಕಥೆ. ಹಿಂದಿನ ವಾರ ಯಾರೋ ಎರಡನೇ ಟಾಕಿ ಕೂರಿಸಿ, ಯಾವ ಟಾಕಿಯಿಂದ ಎಳೆಯಬೇಕು ಅಂತ ಬದಲಿಸಲು ಒಂದು ವಾಲ್ವ್ ಹಾಕಿ ಕೊಟ್ಟಿದ್ದರು. ಡೀಸೆಲ್ ಎಂಜಿನ್ ತಾನು ಸುಡುವುದಕ್ಕಿಂತ ಜಾಸ್ತಿ ಎಳೆಯುತ್ತದೆ. ಉಳಿದದ್ದು ಪಂಪು, ಇಂಜೆಕ್ಟರ್‌ಗಳನ್ನು ತಣ್ಣಗೆ ಮಾಡಿ, ತಾನು ಬಿಸಿಯಾಗಿ ಟಾಕಿಗೆ ವಾಪಸ್ ಬರುತ್ತದೆ. ಎಳೆಯುವುದು ಒಂದು ಟಾಕಿಯಿಂದ, ವಾಪಸ್ ಬೀಳುವುದು ಇನ್ನೊಂದಕ್ಕೆ ಆದರೆ ಮೊದಲನೆಯದು ಬೇಗ ಬರಿದಾಗುತ್ತದೆ, ಎರಡನೆಯದು ತುಂಬಿ ಚೆಲ್ಲುತ್ತದೆ. ಮೀಟರು ಒಂದೇ ಟಾಕಿಯದ್ದು ತೋರಿಸುತ್ತಿದ್ದರೆ ಡ್ರೈವರ್‌ಗೆ ಸುಳಿವೂ ಸಿಗುವುದಿಲ್ಲ. ವಾಲ್ವ್ ನಡುವೆ ನಿಂತು ರಿಟರ್ನ್ ಪೂರ್ತಿ ಕಟ್ಟಿದರಂತೂ ಪಂಪಿನ ಸೀಲಿಗೇ ಪೆಟ್ಟು. ಹಾಗಾಗಿ ವಾಲ್ವ್ ಹಾಕುವುದಾದರೆ ಆರು ಬಾಯಿಯದ್ದು ಬೇಕು. ಎಳೆಯುವ ಪೈಪು, ರಿಟರ್ನ್ ಪೈಪು ಎರಡೂ ಒಟ್ಟಿಗೇ ಬದಲಾಗಬೇಕು.

ಇನ್ನೊಂದು ದಾರಿ ಇದೆ. ಎಳೆಯುವುದು, ರಿಟರ್ನ್ ಎರಡನ್ನೂ ಹಳೇ ಟಾಕಿಯಲ್ಲೇ ಬಿಟ್ಟು, ಎರಡೂ ಟಾಕಿಗಳ ತಳವನ್ನು ಒಂದಕ್ಕೊಂದು ಕೂಡಿಸುವ ಒಂದು ಜೋಡು ಪೈಪು ಕೊಡುವುದು. ಬಾವಿಯ ನೀರಿನ ಹಾಗೆ ಮಟ್ಟ ತಾನೇ ಸರಿಹೋಗುತ್ತದೆ. ಆದರೆ ಎರಡೂ ಟಾಕಿ ಒಂದೇ ಎತ್ತರದಲ್ಲಿ ಕೂತಿರಬೇಕು, ಎರಡಕ್ಕೂ ಗಾಳಿ ಆಡುವ ತೂತು ಇರಬೇಕು. ಅರಬೈಲ್ ಘಾಟಿನಲ್ಲಿ ಲಾರಿ ಒಂದು ಮಗ್ಗುಲಿಗೆ ವಾಲಿಸಿ ನಿಲ್ಲಿಸಿದರೆ ಡೀಸೆಲ್ ಎಲ್ಲ ತಗ್ಗಿನ ಟಾಕಿಗೇ ಹರಿಯುತ್ತದೆ. ಆ ಜೋಡು ಪೈಪು ಚಾಸಿಯ ಕೆಳಗೆ ಜೋತಾಡುತ್ತಿದ್ದರೆ ಒಂದು ಕಲ್ಲು ಸಾಕು, ಎರಡೂ ಟಾಕಿ ಖಾಲಿ. ಎರಡೂ ತುದಿಗೆ ಬಂದ್ ಮಾಡುವ ಕಾಕ್ ಹಾಕದೆ ನಾನು ಗಾಡಿ ಹೊರಗೆ ಬಿಡುವುದಿಲ್ಲ.

ಗಾಳಿ ತೂತಿನ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ರೋಣ, ನರಗುಂದದ ಕಡೆ ಓಡಾಡುವ ಗಾಡಿಗಳಲ್ಲಿ ಎರಿ ಮಣ್ಣು ಮೆತ್ತಿ ಅದು ಮುಚ್ಚಿಹೋಗುತ್ತದೆ. ಲೋಡು ಹೊತ್ತು ಏರು ಹತ್ತುವಾಗ ಗಾಡಿ ಎಳೆಯುವುದಿಲ್ಲ. ಫಿಲ್ಟರ್ ಬದಲಿಸುತ್ತಾರೆ, ಪಂಪು ಬಿಚ್ಚಿಸುತ್ತಾರೆ. ಸುಮ್ನೆ ಟಾಕಿಯ ಮುಚ್ಚಳ ತೆಗೆಯಿರಿ. "ಹುಸ್" ಅಂತ ಗಾಳಿ ಒಳಗೆ ನುಗ್ಗಿದರೆ ರೋಗ ಅಲ್ಲೇ ಇದೆ.

ತಗಡಿನ ವಿಷಯದಲ್ಲೂ ಮೋಸ ಹೋಗುವವರು ಜಾಸ್ತಿ. ಜಿಐ ಶೀಟು, ಅಂದರೆ ಸತುವು ಲೇಪಿಸಿದ ಕಬ್ಬಿಣದ ತಗಡು, ತುಕ್ಕು ಹಿಡಿಯುವುದಿಲ್ಲ, ಅಗ್ಗ ಅಂತ ಅದರಲ್ಲೇ ಟಾಕಿ ಮಾಡಿಸುತ್ತಾರೆ. ನೀರಿಗೆ ಸರಿ, ಡೀಸೆಲ್‌ಗೆ ಬೇಡ. ಅದರ ಸತುವು ಡೀಸೆಲ್ ಜೊತೆ ಬೆರೆತು ಸೋಪಿನಂಥ ಜಿಡ್ಡಾಗುತ್ತದೆ. ಮೊದಲು ಫಿಲ್ಟರ್, ಆಮೇಲೆ ಇಂಜೆಕ್ಟರ್ ಕಟ್ಟುತ್ತದೆ. ಟಾಕಿಯಲ್ಲಿ ಉಳಿಸಿದ ದುಡ್ಡು ಇಂಜೆಕ್ಟರ್ ರಿಪೇರಿಗೆ ಹೋಗುತ್ತದೆ. ಎಳೆಯುವ ಪೈಪಿನ ಬಾಯಿ ತಳಕ್ಕೆ ತಾಗಬಾರದು, ಒಂದಿಂಚು ಮೇಲಿರಲಿ. ತಳದಲ್ಲಿ ನೀರು, ಕೆಸರು ಕೂತಿರುತ್ತದೆ. ಟಾಕಿ ಹೊರುವ ಬ್ರಾಕೆಟ್ಟನ್ನು ಚಾಸಿಗೆ ವೆಲ್ಡ್ ಮಾಡಿಸಬೇಡಿ. ಬೋಲ್ಟ್ ಹಾಕಿಸಿ, ತೂತು ಚಾಸಿಯ ನಿಂತ ಮೈಗೆ ಮಾತ್ರ, ಮೇಲಿನ ಕೆಳಗಿನ ಅಂಚಿಗೆ ಅಲ್ಲ. ಬಾಯಿಮಟ ತುಂಬಿಸಲೂಬೇಡಿ. 300 ಲೀಟರ್ ಡೀಸೆಲ್ 20 ಡಿಗ್ರಿ ಬಿಸಿಯಾದರೆ ಸುಮಾರು 5 ಲೀಟರ್ ಹಿಗ್ಗುತ್ತದೆ.

ಹೊಸ ಹೊಗೆ ನಿಯಮದ ಬಿಎಸ್6 ಗಾಡಿಯಲ್ಲಿ ಜಾಗ ಮಾಡಲು, ಹೊಗೆಯ ವಿಷ ತಗ್ಗಿಸುವ ದ್ರವ ತುಂಬುವ ಯೂರಿಯಾ ಟಾಕಿ ಸರಿಸಿ ಅಂತ ಕೇಳುತ್ತಾರೆ. ಆ ಕೆಲಸ ನಾನು ಮುಟ್ಟುವುದಿಲ್ಲ.

ಇಷ್ಟಕ್ಕೂ ಎರಡನೇ ಟಾಕಿ ಯಾಕೆ? ಗಡಿಯ ಒಂದು ಕಡೆ ಡೀಸೆಲ್ ಅಗ್ಗ, ಇನ್ನೊಂದು ಕಡೆ ತುಟ್ಟಿ, ಅಗ್ಗದ ಕಡೆಯೇ ತುಂಬಿಸಿಕೊಳ್ಳಬಹುದು ಅನ್ನುತ್ತಾರೆ. ಲೆಕ್ಕ ಹಾಕೋಣ. ಹುಬ್ಬಳ್ಳಿಯಿಂದ ಮುಂಬೈ ಸುಮಾರು 570 ಕಿಲೋಮೀಟರ್. 365 ಲೀಟರಿನ ಟಾಕಿ, ಲೀಟರಿಗೆ ಮೂರೂವರೆ ಕಿಲೋಮೀಟರ್ ಅಂದರೂ 1,270 ದಾಟುತ್ತದೆ. ಹೋಗಿ ಬರಲು ಒಂದೇ ಟಾಕಿ ಸಾಕು, ಅಲ್ವಾ? ಇನ್ನೂ 200 ಲೀಟರ್ ಹೊತ್ತರೆ ಡೀಸೆಲ್ಲೇ 165 ಕಿಲೋ ದಾಟುತ್ತದೆ, ಮೇಲೆ ಟಾಕಿಯ ತೂಕ. ಅಷ್ಟು ಬ್ಯಾಡಗಿ ಮೆಣಸಿನಕಾಯಿ ಹೇರಿದ್ದರೆ ಬಾಡಿಗೆಯಾದರೂ ಬರುತ್ತಿತ್ತು. ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಬರೆದದ್ದಕ್ಕೆ ತಾಳೆಯಾಗದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ಮೇಲೆ, ಕಾಯ್ದೆ ಒಪ್ಪದ ಒಂದೊಂದು ಬದಲಾವಣೆಗೂ ಮಾಲಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಬೀಳಬಹುದು. ದೂರದ ಲೈನಿಗೆ ದೊಡ್ಡ ಟಾಕಿ ಬೇಕೇ ಬೇಕು ಅಂದರೆ, ನಿಮ್ಮ ಮಾಡೆಲ್‌ಗೆ ಕಂಪನಿಯೇ ಕೊಡುತ್ತದೆಯಾ ಅಂತ ಶೋರೂಮಿನಲ್ಲಿ ಕೇಳಿ, ಆರ್‌ಟಿಒ ಕಚೇರಿಯಲ್ಲೂ ವಿಚಾರಿಸಿ, ಆಮೇಲೆ ಗ್ಯಾರೇಜಿಗೆ ಬನ್ನಿ.

ಅಣ್ಣಿಗೇರಿಯ ಗಾಡಿಗೆ ಅವತ್ತು ಎಳೆಯುವ ಪೈಪನ್ನು ಹಳೇ ಟಾಕಿಗೇ ತಿರುಗಿಸಿ, ಪ್ರೈಮರ್ ಅನ್ನುವ ಕೈ ಪಂಪು ಒತ್ತಿ ಪೈಪಿನೊಳಗೆ ಸೇರಿದ್ದ ಗಾಳಿ ತೆಗೆದು ಹುಬ್ಬಳ್ಳಿಗೆ ತಂದೆವು. ಹೊಸ ಟಾಕಿ ಬಿಚ್ಚಿ ನೋಡಿದರೆ ಜಿಐ ಶೀಟೇ. ಗುಜರಿಯವನಿಗೆ ಹೇಳಿದೆವು, ಅವನು ಗ್ಯಾಸ್ ಕಟರ್ ಹಿಡಿದು ಬಂದ. ಬರಿದಾದ ಟಾಕಿಯೊಳಗೆ ಆವಿ ನಿಂತಿರುತ್ತದೆ, ಬೆಂಕಿ ತಾಗಿದರೆ ಸಿಡಿಯುತ್ತದೆ. "ಕಟರ್ ಗಾಡ್ಯಾಗ ಇಡಪಾ, ಇಡಿಯಾಗೇ ತಕ್ಕಡಿಗೆ ಹಾಕು" ಅಂದೆ. ಕತ್ತರಿಸದೆ ಒಯ್ದರೆ ಟೆಂಪೋದಲ್ಲಿ ಜಾಗ ಹಿಡಿಯುತ್ತದೆ ಅಂತ ಕಿಲೋಗೆ 2 ರೂಪಾಯಿ ಕಡಿಮೆ ಕೊಟ್ಟ.