ಉಸಿರು ಮೇಲೆ, ಊಟ ಕೆಳಗೆ

ನನ್ನ ಮುಂದಿನ ಪರದೆಯ ಮೇಲೆ ಒಂದು ಗೆರೆ ಇದೆ. ದಕ್ಷಿಣ ಸಾಗರದ ಸಸ್ತನಿಯಾದ ಆನೆ ಸೀಲ್‌ನ ಹೆಣ್ಣೊಂದರ ತಲೆಗೆ ಅಂಟಿಸಿದ್ದ ಪುಟ್ಟ ಉಪಕರಣ, ಅದು ಉಸಿರಾಡಲು ಮೇಲೆ ಬಂದಾಗಲೆಲ್ಲ ಉಪಗ್ರಹದ ಮೂಲಕ ಕಳುಹಿಸಿದ ಆಳದ ದಾಖಲೆ ಅದು. ಗೆರೆ ಸೊನ್ನೆಯಿಂದ ಕಡಿದಾಗಿ ಇಳಿಯುತ್ತದೆ, 500 ಮೀಟರ್ ಆಸುಪಾಸಿನಲ್ಲಿ ಸ್ವಲ್ಪ ಹೊತ್ತು ತಡಕಾಡುತ್ತದೆ, ಮತ್ತೆ ಏರುತ್ತದೆ. ಮೇಲೆ 2-3 ನಿಮಿಷ, ಕೆಳಗೆ 20ರಿಂದ 30 ನಿಮಿಷ. ಹಗಲಿರುಳೆನ್ನದೆ, ತಿಂಗಳುಗಟ್ಟಲೆ ಇದೇ ಓಟ. ಸಮುದ್ರದಲ್ಲಿರುವಷ್ಟು ಕಾಲ ಈ ಪ್ರಾಣಿ ಹತ್ತರಲ್ಲಿ ಒಂಬತ್ತು ಪಾಲು ಸಮಯವನ್ನು ನೀರಿನಡಿಯಲ್ಲೇ ಕಳೆಯುತ್ತದೆ. ದಿನಕ್ಕೆ ಕೆಲವು ಬಾರಿ ಮಾತ್ರ ಗೆರೆಯ ನಡುವೆ ಬೇರೆಯದೇ ಒಂದು ಇಳಿಜಾರು ಕಾಣಿಸುತ್ತದೆ; ನಿಧಾನವಾದ, ಒಂದೇ ಹದದ ಇಳಿಜಾರು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಧ್ರುವ ಸಾಗರಗಳ ಸೀಲ್‌ಗಳು ಆಹಾರ ಹುಡುಕುವ ಬಗೆಯನ್ನು ಅಧ್ಯಯನ ಮಾಡುವುದು ನನ್ನ ವೃತ್ತಿ. ಕೇಳುವವರು ಸಾಮಾನ್ಯವಾಗಿ ಮೊದಲು ಕೇಳುವುದು ಒಂದೇ ಪ್ರಶ್ನೆ: ಎಷ್ಟು ಆಳಕ್ಕೆ ಹೋಗುತ್ತದೆ? ಉತ್ತರವಿದೆ. ಆನೆ ಸೀಲ್ ಒಂದು 2,388 ಮೀಟರ್ ಆಳಕ್ಕೆ ಇಳಿದದ್ದು ದಾಖಲಾಗಿದೆ. ಆದರೆ ಈ ಸಂಖ್ಯೆಯಿಂದ ಆ ಪ್ರಾಣಿಯ ಬದುಕು ತಿಳಿಯುವುದಿಲ್ಲ. ಮೀನಿಗೆ ಉಸಿರೂ ಊಟವೂ ಒಂದೇ ನೀರಿನಲ್ಲಿ ಸಿಗುತ್ತವೆ. ಸೀಲ್‌ಗೆ ಉಸಿರು ಮೇಲಿದೆ, ಊಟ ಕೆಳಗಿದೆ. ಈ ಎರಡರ ನಡುವಿನ ಓಡಾಟಕ್ಕೆ ತಗಲುವ ಖರ್ಚೇ ಅದು ಎಲ್ಲಿ, ಯಾವ ಹೊತ್ತಿನಲ್ಲಿ, ಏನನ್ನು ತಿನ್ನಬೇಕು ಎಂಬುದನ್ನು ತೀರ್ಮಾನಿಸುತ್ತದೆ. ನಾನು ಕೇಳುವ ಪ್ರಶ್ನೆ ಇಷ್ಟೇ: ಈ ಮುಳುಗು ಗಿಟ್ಟಿತೇ?

ಹೆಸರಿನ ಬಗ್ಗೆಯೂ ಒಂದು ಮಾತು. ಕನ್ನಡದಲ್ಲಿ ಸೀಲ್‌ಗಳನ್ನು ಕೆಲವೊಮ್ಮೆ ನೀರುನಾಯಿ ಎಂದು ಬರೆಯುವುದುಂಟು. ನೀರುನಾಯಿ ನಮ್ಮ ಹೊಳೆಗಳ ಪ್ರಾಣಿ. ಅದರ ಕುಟುಂಬವೇ ಬೇರೆ. ಗೊಂದಲ ಬೇಡವೆಂದು ನಾನು ಸೀಲ್ ಎಂದೇ ಬರೆಯುತ್ತೇನೆ.

ನಾವು ನೀರಿಗೆ ಧುಮುಕುವ ಮುನ್ನ ಎದೆ ತುಂಬ ಗಾಳಿ ಎಳೆದುಕೊಳ್ಳುತ್ತೇವೆ. ಸೀಲ್ ಉಸಿರನ್ನು ಹೊರಗೆ ಬಿಟ್ಟು ಮುಳುಗುತ್ತದೆ. ಆಳಕ್ಕೆ ಇಳಿದಂತೆ ನೀರಿನ ಒತ್ತಡಕ್ಕೆ ಅದರ ಶ್ವಾಸಕೋಶ ಮಡಚಿಕೊಳ್ಳುತ್ತದೆ, ಅಲ್ಲಿನ ಗಾಳಿ ರಕ್ತಕ್ಕೆ ನುಗ್ಗದಂತೆ ತಡೆ ಬೀಳುತ್ತದೆ. ಆಮ್ಲಜನಕದ ದಾಸ್ತಾನು ಇರುವುದು ರಕ್ತದಲ್ಲಿ ಮತ್ತು ಸ್ನಾಯುಗಳಲ್ಲಿ. ಸೀಲ್‌ನ ಮಾಂಸಖಂಡವನ್ನು ಕಂಡವರು ಅದರ ಬಣ್ಣ ಮರೆಯುವುದಿಲ್ಲ. ಸ್ನಾಯುವಿನಲ್ಲಿ ಆಮ್ಲಜನಕವನ್ನು ಹಿಡಿದಿಡುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಎಷ್ಟು ದಟ್ಟವಾಗಿದೆಯೆಂದರೆ ಅದು ಕೆಂಪಲ್ಲ, ಹೆಚ್ಚುಕಡಿಮೆ ಕಪ್ಪು. ಗುಲ್ಮದಲ್ಲಿ ಕೂಡಿಟ್ಟ ಕೆಂಪು ರಕ್ತಕಣಗಳು ಮುಳುಗಿದಾಗ ರಕ್ತಕ್ಕೆ ಸೇರುತ್ತವೆ. ಹೃದಯದ ಬಡಿತ ತಗ್ಗುತ್ತದೆ, ರಕ್ತದ ಹರಿವು ಮಿದುಳಿನಂತಹ ಮುಖ್ಯ ಅಂಗಗಳ ಕಡೆಗೆ ತಿರುಗುತ್ತದೆ.

ಇಷ್ಟಿದ್ದರೂ ದಾಸ್ತಾನಿಗೆ ಮಿತಿಯಿದೆ. 1960ರ ದಶಕದ ಆರಂಭದಲ್ಲಿ ಜೆರಾಲ್ಡ್ ಕೂಯ್‌ಮನ್ ಎಂಬ ಅಮೆರಿಕದ ಯುವ ವಿಜ್ಞಾನಿ ಅಂಟಾರ್ಕ್ಟಿಕಾದ ಮೆಕ್‌ಮರ್ಡೋ ಸೌಂಡ್‌ನಲ್ಲಿ ಅಡುಗೆಮನೆಯ ಟೈಮರ್‌ನ ಯಂತ್ರಕ್ಕೆ ಮಸಿ ಹಿಡಿಸಿದ ಗಾಜಿನ ಬಿಲ್ಲೆ ಜೋಡಿಸಿ, ವೆಡೆಲ್ ಸೀಲ್‌ಗಳ ಬೆನ್ನಿಗೆ ಕಟ್ಟಿದರು. ಆಳ ಹೆಚ್ಚುಕಡಿಮೆಯಾದಂತೆ ಮುಳ್ಳು ಮಸಿಯ ಮೇಲೆ ಗೀರು ಎಳೆಯುತ್ತಿತ್ತು. ಇಂದು ನಾನು ಓದುವ ಗೆರೆಗಳ ಮೂಲ ಆ ಗೀರು. ಆಮೇಲಿನ ವರ್ಷಗಳಲ್ಲಿ ಅವರೂ ಸಹೋದ್ಯೋಗಿಗಳೂ ಕಂಡುಕೊಂಡದ್ದು ಇದು: ಬೆಳೆದ ವೆಡೆಲ್ ಸೀಲ್ ಸುಮಾರು 20 ನಿಮಿಷದವರೆಗೆ ಕೂಡಿಟ್ಟ ಆಮ್ಲಜನಕದಲ್ಲೇ ನಿಭಾಯಿಸುತ್ತದೆ. ಅದನ್ನು ಮೀರಿದರೆ, ಆಮ್ಲಜನಕ ಸಾಲದೆ ದುಡಿಯುವ ಸ್ನಾಯುಗಳಿಂದ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರುತ್ತದೆ. ಆ ಸಾಲ ತೀರಿಸಲು ಮೇಲೆ ಬಂದು ಬಹಳ ಹೊತ್ತು ಸುಧಾರಿಸಿಕೊಳ್ಳಬೇಕು. ಅದು 80 ನಿಮಿಷ ಮೀರಿ ಉಸಿರು ಹಿಡಿದಿರುವುದುಂಟು, ನಿಜ. ಆದರೆ ಅದರ ಮುಳುಗುಗಳಲ್ಲಿ ಬಹುಪಾಲು 20 ನಿಮಿಷದೊಳಗೇ ಮುಗಿಯುತ್ತವೆ. ದಾಖಲೆ ಮುರಿದ ಮುಳುಗು ಸುದ್ದಿಯಾಗುತ್ತದೆ, ಹೊಟ್ಟೆ ತುಂಬಿಸುವುದು ದಿನನಿತ್ಯದ ಚಿಕ್ಕ ಮುಳುಗುಗಳು.

ವೆಡೆಲ್ ಸೀಲ್ ಬಗ್ಗೆ ಇನ್ನಷ್ಟು ಹೇಳಲೇಬೇಕು. ಇಷ್ಟು ದಕ್ಷಿಣಕ್ಕೆ ಹೋಗಿ ಬದುಕುವ ಸಸ್ತನಿ ಬೇರೆ ಇಲ್ಲವೆಂದೇ ಹೇಳಬಹುದು. ದಡಕ್ಕೆ ಅಂಟಿಕೊಂಡ, ಮೀಟರ್‌ಗಟ್ಟಲೆ ದಪ್ಪದ ಹಿಮಹಾಸಿನ ಕೆಳಗೆ ಅದು ಚಳಿಗಾಲವನ್ನೂ ಕಳೆಯುತ್ತದೆ. ಅಲ್ಲಿನ ಉಪ್ಪುನೀರು ಹೆಪ್ಪುಗಟ್ಟುವ ಅಂಚಿನಲ್ಲಿರುತ್ತದೆ, ಸುಮಾರು ಮೈನಸ್ 1.9 ಡಿಗ್ರಿ. ಉಸಿರಾಡಲು ಬೇಕಾದ ಕಂಡಿ ಗಂಟೆಗಳಲ್ಲೇ ಮುಚ್ಚಿಕೊಳ್ಳಲು ಶುರುವಾಗುತ್ತದೆ. ಸೀಲ್ ಆ ಕಂಡಿಯನ್ನು ಹಲ್ಲಿನಿಂದ ಕೆರೆದು ತೆರೆದಿಡುತ್ತದೆ: ಬಾಯಿ ಅಗಲಿಸಿ, ಮುಂದಕ್ಕೆ ಚಾಚಿದ ಮೇಲ್ಹಲ್ಲುಗಳನ್ನು ಮಂಜಿಗೆ ಒತ್ತಿ, ತಲೆಯನ್ನು ಅತ್ತಿತ್ತ ಬೀಸುತ್ತಾ ಗರಗಸದಂತೆ ಉಜ್ಜುತ್ತದೆ. ಹಿಮದ ಮೇಲೆ ನಿಂತವರಿಗೆ ಕಾಲಡಿಯಿಂದ ಆ ಕರಕರ ಸದ್ದು ಕೇಳಿಸುತ್ತದೆ. ವಯಸ್ಸಾದ ಸೀಲ್‌ಗಳ ಕೋರೆಹಲ್ಲುಗಳು ಬುಡದವರೆಗೆ ಸವೆದಿರುತ್ತವೆ. ಹಲ್ಲು ಹೋದರೆ ಮೀನು ಹಿಡಿಯುವುದು ಕಷ್ಟ, ಅದಕ್ಕಿಂತ ಮೊದಲು ಕಂಡಿ ಉಳಿಸಿಕೊಳ್ಳುವುದು ಕಷ್ಟ. ಉಸಿರಿಗಾಗಿ ಹಲ್ಲು ತೇಯುವ ಈ ಪ್ರಾಣಿಯ ಆಯಸ್ಸು ಹಲ್ಲಿನ ಜೊತೆಗೇ ಸವೆಯುತ್ತದೆ. ಅಂತಹ ತಲೆಬುರುಡೆಯೊಂದನ್ನು ಮೊದಲ ಬಾರಿ ಕೈಯಲ್ಲಿ ಹಿಡಿದಾಗ ನನಗೆ ಬಹಳ ಹೊತ್ತು ಮಾತು ಹೊರಡಲಿಲ್ಲ.

ಕಂಡಿ ಇದ್ದಲ್ಲೇ ಬೇಟೆ ಇರಬೇಕೆಂಬ ನಿಯಮವಿಲ್ಲ. ಸೀಲ್ ಕತ್ತಲ ಹಿಮದಡಿಯಲ್ಲಿ ದೂರ ಹೋಗಿ, ಅದೇ ಕಂಡಿಗೆ ದಾರಿ ತಪ್ಪದೆ ಮರಳಬೇಕು. 1999ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೀಲ್‌ನ ತಲೆಗೇ ವಿಡಿಯೊ ಕ್ಯಾಮೆರಾ ಕಟ್ಟಿದ್ದರು. ಹಿಮದ ತಳದ ಬಿರುಕುಗಳಲ್ಲಿ ಪುಟ್ಟ ಮೀನುಗಳು ಅಡಗಿದ್ದವು. ಸೀಲ್ ಬಿರುಕಿನೊಳಗೆ ಮೂಗಿನಿಂದ ಗಾಳಿಯ ಗುಳ್ಳೆ ಊದಿತು, ಬೆದರಿದ ಮೀನು ಹೊರಗೆ ಬಂತು. ಉಸಿರನ್ನು ಇಷ್ಟು ಲೆಕ್ಕ ಹಾಕಿ ಖರ್ಚು ಮಾಡುವ ಪ್ರಾಣಿ ಬೇಟೆಗಾಗಿ ಒಂದಿಷ್ಟು ಗಾಳಿಯನ್ನು ಬಿಟ್ಟುಕೊಟ್ಟಿತು. ಅಂಟಾರ್ಕ್ಟಿಕ್ ಟೂತ್‌ಫಿಷ್‌ನಂತಹ ದೊಡ್ಡ ಮೀನು ಸಿಕ್ಕರೆ ಅದನ್ನು ಕಚ್ಚಿಕೊಂಡು ಕಂಡಿಯವರೆಗೆ ತರುತ್ತದೆ, ಉಸಿರಾಡುತ್ತಾ ತಿನ್ನುತ್ತದೆ.

ತೇಲುವ ಹಿಮಗಡ್ಡೆಗಳ ಸೀಮೆಯಲ್ಲಿ ಲೆಕ್ಕ ಬೇರೆ. ಅಲ್ಲಿ ಉಸಿರಿಗೆ ಕೊರತೆಯಿಲ್ಲ, ಬಿರುಕುಗಳು ಎಲ್ಲೆಲ್ಲೂ ಇವೆ. ಅಲ್ಲಿನ ಒಡೆಯ ಕ್ರ್ಯಾಬ್‌ಈಟರ್ ಸೀಲ್. ಹೆಸರಿನಲ್ಲಿ ಏಡಿ ಇದ್ದರೂ ಅದು ಏಡಿ ತಿನ್ನುವುದಿಲ್ಲ, ಆಹಾರದ ಶೇ. 90ಕ್ಕೂ ಹೆಚ್ಚು ಪಾಲು ಕ್ರಿಲ್, ಅಂದರೆ 6 ಸೆಂಟಿಮೀಟರ್‌ವರೆಗೆ ಬೆಳೆಯುವ ಸೀಗಡಿಯಂತಹ ಜೀವಿ. ಈ ಸೀಲ್‌ನ ಒಂದು ಕೆನ್ನೆಹಲ್ಲನ್ನು ಬೆಳಕಿಗೆ ಹಿಡಿದು ನೋಡಿ: ತುದಿಯಲ್ಲಿ ಒಂದಕ್ಕೊಂದು ಒರಗಿದ ಗುಂಡನೆಯ ಮೊಗ್ಗುಗಳು, ನಡುನಡುವೆ ಆಳವಾದ ಸಂದು. ಮೇಲಿನ ಹಲ್ಲು ಕೆಳಗಿನದರ ಮೇಲೆ ಕೂತಾಗ ಇಡೀ ಬಾಯಿ ಜರಡಿಯಾಗುತ್ತದೆ. ನೀರು ಹೊರಗೆ, ಕ್ರಿಲ್ ಒಳಗೆ. ಕ್ರಿಲ್ ಇರುಳಿನಲ್ಲಿ ಮೇಲ್ನೀರಿಗೆ ಏರುತ್ತದೆ, ಹಗಲಿನಲ್ಲಿ ಇಳಿಯುತ್ತದೆ. ಆದ್ದರಿಂದ ಕ್ರ್ಯಾಬ್‌ಈಟರ್ ಇರುಳಿನಲ್ಲಿ ದುಡಿದು, ನಡುಹಗಲಿನಲ್ಲಿ ಹಿಮಗಡ್ಡೆಯ ಮೇಲೆ ಮಲಗುತ್ತದೆ. ಅದನ್ನು ಸೋಮಾರಿ ಎಂದು ಬಣ್ಣಿಸುವ ಸಾಕ್ಷ್ಯಚಿತ್ರಗಳನ್ನು ನೋಡಿದಾಗ ನನಗೆ ನೋವಾಗುತ್ತದೆ. ಚಿತ್ರ ತೆಗೆದದ್ದು ಅದರ ನಿದ್ದೆಯ ಹೊತ್ತಿನಲ್ಲಿ. ಪೆಂಗ್ವಿನ್ ಬೇಟೆಗಾರ ಎಂದೇ ಹೆಸರಾದ ಚಿರತೆ ಸೀಲ್‌ನ ಕೆನ್ನೆಹಲ್ಲುಗಳೂ ಇಂತಹವೇ. ಅದೂ ಕ್ರಿಲ್ ಸೋಸುತ್ತದೆ.

ಉತ್ತರ ಧ್ರುವದಲ್ಲಿ ಕಂಡಿ ಕಾಯುವ ಕೆಲಸ ರಿಂಗ್ಡ್ ಸೀಲ್‌ನದು. ಅದು ಹಲ್ಲಿನ ಬದಲು ಮುಂಗಾಲಿನ ಉಗುರಿನಿಂದ ಕೆರೆಯುತ್ತದೆ. ಕಂಡಿಯ ಮೇಲೆ ಬಿದ್ದು ಗಟ್ಟಿಯಾದ ಹಿಮದೊಳಗೆ ಗೂಡು ತೋಡಿ ಮರಿ ಹಾಕುತ್ತದೆ. ಹಿಮಕರಡಿಯ ಮೂಗಿಗೂ ಕೊರೆಯುವ ಗಾಳಿಗೂ ಅಡ್ಡವಾಗಿರುವುದು ಆ ಹಿಮದ ಚಾವಣಿ ಒಂದೇ. ವಸಂತದಲ್ಲಿ ಹಿಮದ ಬದಲು ಮಳೆ ಬಿದ್ದರೆ ಚಾವಣಿ ಕುಸಿಯುತ್ತದೆ, ಮರಿ ಬಯಲಿಗೆ ಬೀಳುತ್ತದೆ. ಮೀನು ಎಷ್ಟೇ ಇದ್ದರೂ ಆಗ ಪ್ರಯೋಜನವಿಲ್ಲ.

ಈ ಓಡಾಟದ ಖರ್ಚನ್ನು ಗಣನೆಗೆ ತಂದುಕೊಳ್ಳದೆ ಮಾಡುವ ನೀತಿ ಎಲ್ಲಿ ಎಡವುತ್ತದೆ ಎಂಬುದಕ್ಕೆ ದಕ್ಷಿಣ ಅಟ್ಲಾಂಟಿಕ್‌ನ ಸೌತ್ ಜಾರ್ಜಿಯಾ ದ್ವೀಪದ ತುಪ್ಪಳ ಸೀಲ್‌ಗಳನ್ನು ನೋಡಬೇಕು. ತುಪ್ಪಳಕ್ಕಾಗಿ ನಡೆದ ಬೇಟೆಯಿಂದ 20ನೇ ಶತಮಾನದ ಆರಂಭಕ್ಕೆ ಬಹುತೇಕ ಅಳಿದಿದ್ದ ಇವು ಮತ್ತೆ ಚಿಗುರಿದವು. ಇಲ್ಲಿ ತಾಯಿ ಹೆತ್ತ ಒಂದು ವಾರದ ಬಳಿಕ ಕಡಲಿಗೆ ಹೋಗಿ, ಕೆಲವು ದಿನ ಕ್ರಿಲ್ ತಿಂದು, ದಡದಲ್ಲಿ ಕಾಯುವ ಮರಿಗೆ ಹಾಲೂಡಲು ಮರಳುತ್ತಾಳೆ. ಸುಮಾರು ನಾಲ್ಕು ತಿಂಗಳು ಈ ಹೋಗಿಬರುವಿಕೆ. ಹತ್ತಿರದಲ್ಲಿ ಕ್ರಿಲ್ ಇಲ್ಲವಾದರೆ ಪಯಣ ಉದ್ದವಾಗುತ್ತದೆ, ಮರಿಯ ತೂಕ ಇಳಿಯುತ್ತದೆ. ಅಂಟಾರ್ಕ್ಟಿಕಾದ ಕಡಲ ಜೀವಿಗಳ ಸಂರಕ್ಷಣೆಗಾಗಿ 1982ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದದ ಅಡಿಯಲ್ಲಿ ಈ ಭಾಗದ ಕ್ರಿಲ್ ಮೀನುಗಾರಿಕೆಗೆ ವರ್ಷಕ್ಕೆ 6,20,000 ಟನ್ ಮಿತಿ ಇದೆ. ಒಟ್ಟು ಕ್ರಿಲ್‌ಗೆ ಹೋಲಿಸಿದರೆ ಅದು ಅಲ್ಪ ಎನ್ನುವ ವಾದ ತಪ್ಪಲ್ಲ. ಆದರೆ ತಾಯಿ ಸೀಲ್ ಒಟ್ಟು ಸಾಗರದಲ್ಲಿ ಮೇಯುವುದಿಲ್ಲ; ಮರಿಯಿಂದ ಕೆಲವು ದಿನಗಳ ದೂರದೊಳಗೆ ಮೇಯುತ್ತಾಳೆ. ಹಡಗುಗಳು ಒಂದೇ ಕಡೆ ಮುತ್ತದಂತೆ ಆ ಮಿತಿಯನ್ನು ಪ್ರದೇಶವಾರು ಹಂಚುವ ನಿಯಮವೊಂದಿತ್ತು. 2024ರಲ್ಲಿ ಸದಸ್ಯ ದೇಶಗಳಲ್ಲಿ ಒಮ್ಮತ ಮೂಡದೆ ಅದು ಕೊನೆಗೊಂಡಿತು. ಮರು ವರ್ಷ ಋತು ಮುಗಿಯುವ ಮುನ್ನವೇ ಇಡೀ ಮಿತಿ ಭರ್ತಿಯಾಗಿ ಮೀನುಗಾರಿಕೆ ನಿಲ್ಲಿಸಬೇಕಾಯಿತು. ಎಷ್ಟು ಹಿಡಿಯಬೇಕು ಎಂಬುದಕ್ಕಿಂತ ಎಲ್ಲಿ, ಯಾವಾಗ ಹಿಡಿಯಬೇಕು ಎಂಬುದು ಮುಖ್ಯ. ಆ ಹಂಚಿಕೆ ಮತ್ತೆ ಬರಲೇಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಈಗ ಮೊದಲಲ್ಲಿ ಹೇಳಿದ ಆ ನಿಧಾನದ ಇಳಿಜಾರು. ಆನೆ ಸೀಲ್ ಹೆಚ್ಚಾಗಿ ಬೆನ್ನಟ್ಟುವುದು ಲಾಂದ್ರ ಮೀನು ಮತ್ತು ಸ್ಕ್ವಿಡ್ ಎಂಬ ಮೃದ್ವಂಗಿಗಳನ್ನು. ಅವು ಹಗಲಿನಲ್ಲಿ ಆಳಕ್ಕೆ, ಇರುಳಿನಲ್ಲಿ ಮೇಲಕ್ಕೆ ಸರಿಯುತ್ತವೆ. ಸೀಲ್‌ನ ಗೆರೆಯೂ ಹಾಗೆಯೇ ಸರಿಯುತ್ತದೆ. ನಡುವೆ ಆಗಾಗ ಅದು ಈಜುವುದನ್ನೇ ನಿಲ್ಲಿಸಿ ನೀರಿನಲ್ಲಿ ಮೈಬಿಟ್ಟು ತೇಲಿಹೋಗುತ್ತದೆ. ಆಗ ಅದು ಎಷ್ಟು ವೇಗವಾಗಿ ಇಳಿಯುತ್ತದೆ ಎಂಬುದು ಮೈಯಲ್ಲಿ ಕೊಬ್ಬು ಎಷ್ಟಿದೆ ಎಂಬುದನ್ನು ಹೇಳುತ್ತದೆ. ಕೊಬ್ಬು ನೀರಿಗಿಂತ ಹಗುರ, ಸ್ನಾಯು ಭಾರ. ಬಡಕಲಾದ ಸೀಲ್ ಬೇಗ ಇಳಿಯುತ್ತದೆ, ಕೊಬ್ಬಿದ್ದು ನಿಧಾನವಾಗಿ. ಸಾವಿರಾರು ಕಿಲೋಮೀಟರ್ ದೂರದಲ್ಲಿರುವ ಪ್ರಾಣಿಯನ್ನು ಮುಟ್ಟದೆಯೇ ತೂಗಿ ನೋಡಿದಂತೆ. ಇದೇ ಉಪಕರಣಗಳು ನೀರಿನ ಉಷ್ಣತೆ ಮತ್ತು ಲವಣಾಂಶವನ್ನೂ ಅಳೆಯುತ್ತವೆ. 2013ರಲ್ಲಿ ಪೂರ್ವ ಅಂಟಾರ್ಕ್ಟಿಕಾದ ಕೇಪ್ ಡಾರ್ನ್ಲಿ ಬಳಿ ಸಾಗರತಳಕ್ಕೆ ಇಳಿಯುವ ದಟ್ಟ ತಣ್ಣೀರಿನ ಮೂಲವೊಂದು ಗುರುತಾದಾಗ, ಹಡಗುಗಳು ಹೋಗಲಾಗದ ಚಳಿಗಾಲದ ಮಾಹಿತಿ ಕೊಟ್ಟದ್ದು ಆನೆ ಸೀಲ್‌ಗಳು.

ಪರದೆಯ ಮೇಲಿನ ಹೆಣ್ಣು ಕೂದಲು ಉದುರಿ ಹೊಸದು ಬಂದ ಬಳಿಕ, ಬೇಸಿಗೆಯ ಕೊನೆಯಲ್ಲಿ ದಡ ಬಿಟ್ಟವಳು. ಮೊದಲ ವಾರಗಳಲ್ಲಿ ಇಳಿಜಾರು ಕಡಿದಾಗಿತ್ತು. ದಡದಲ್ಲಿ ಉಪವಾಸವಿದ್ದು ಬಡಕಲಾಗಿದ್ದಳು. ಹಿಮದಂಚಿಗೆ ತಲುಪಿದ ಮೇಲೆಯೂ ಒಂದಿಷ್ಟು ದಿನ ಬದಲಾವಣೆಯಿಲ್ಲ. ಆಮೇಲೆ ಇಳಿಜಾರು ತುಸು ತುಸುವೇ ಚಪ್ಪಟೆಯಾಗುತ್ತಾ ಬಂತು, ಬಸಿರೂ ಬೆಳೆಯುತ್ತಿತ್ತು. ಸುಮಾರು ಎಂಟು ತಿಂಗಳ ಬಳಿಕ ಅವಳು ಹೊರಟ ಕಡೆಗೇ ತಿರುಗಿದಳು. ಸೆಪ್ಟೆಂಬರ್ ಕೊನೆಯ ಒಂದು ಬೆಳಗ್ಗೆಯಿಂದ ಗೆರೆ ಸೊನ್ನೆಯಲ್ಲೇ ನಿಂತಿದೆ. ಅವಳು ದಡ ಹತ್ತಿದ್ದಾಳೆ.