ಸುಸ್ಥಿರ ಅಭಿವೃದ್ಧಿ: ಅಸಲು ಎಷ್ಟು, ಬಡ್ಡಿ ಎಷ್ಟು?

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ದಾರಿಯ ಚಹಾ ಅಂಗಡಿಯೊಂದರಲ್ಲಿ ಲಾರಿ ಚಾಲಕರೊಬ್ಬರು ಸಿಕ್ಕಿದ್ದರು. ಕಬ್ಬಿಣದ ಅದಿರಿನ ಗಣಿ ಕಾಲದ ಮಾತು ಬಂತು. “ಧೂಳಿದ್ದಾಗ ದುಡ್ಡಿತ್ರಿ. ಧೂಳು ಹೋತು, ದುಡ್ಡೂ ಹೋತು” ಅಂದರು. ಧೂಳು ಪೂರ್ತಿ ಹೋಗಿರಲಿಲ್ಲ. ರಸ್ತೆ ಬದಿಯ ಬೇವಿನ ಎಲೆಯನ್ನು ಬೆರಳಲ್ಲಿ ಒರೆಸಿ ನೋಡಿದೆ. ಮೇಲೆ ಕೆಂಪು, ಕೆಳಗೆ ಹಸಿರು. ಅವರು ನಕ್ಕರು. “ಇದೇನು ಧೂಳು ಬಿಡ್ರಿ. ಆವಾಗ ಹಗಲು ಹೊತ್ತಿನಾಗ ಲೈಟ್ ಹಾಕ್ಕೊಂಡು ಗಾಡಿ ಹೊಡೀತಿದ್ವಿ.”

ಅವರು ಹೇಳಿದ್ದು ಒಂದು ದೊಡ್ಡ ಜಗಳದ ಸಾರ. ಬಡ ದೇಶ ಬೆಳೆಯಬೇಕಾದರೆ ಧೂಳು ಏಳಲೇಬೇಕಾ? ಈ ಪ್ರಶ್ನೆಗೆ ಉತ್ತರ ಅಂತ ಹುಟ್ಟಿಕೊಂಡ ಪದವೇ ‘ಸುಸ್ಥಿರ ಅಭಿವೃದ್ಧಿ’. ಸರ್ಕಾರದ ಜಾಹೀರಾತು, ಮಕ್ಕಳ ಪ್ರಬಂಧ, ಕಂಪನಿಗಳ ವಾರ್ಷಿಕ ವರದಿ, ಎಲ್ಲ ಕಡೆ ಇದೆ. ಎಲ್ಲರ ಬಾಯಲ್ಲೂ ಉರುಳಿ ಉರುಳಿ ಅಂಚು ಸವೆದ ನಾಣ್ಯದಂತಾಗಿದೆ.

ಮೊದಲು ಪದವನ್ನೇ ನೋಡೋಣ. ಕೆಲವರು ಇದನ್ನು ‘ಸಮರ್ಥನೀಯ ಅಭಿವೃದ್ಧಿ’ ಎಂದು ಬರೆಯುತ್ತಾರೆ. ಅದು ತಪ್ಪು ಅನುವಾದ. ಸಮರ್ಥನೀಯ ಅಂದರೆ ಸಮರ್ಥಿಸಿಕೊಳ್ಳಬಹುದಾದದ್ದು. ಯಾವ ಯೋಜನೆಯನ್ನು ತಾನೇ ಸಮರ್ಥಿಸಿಕೊಳ್ಳೋಕೆ ಆಗಲ್ಲ ಹೇಳಿ? ‘ಸುಸ್ಥಿರ’ ವಾಸಿ. ಆದರೂ ಅದು ಅಲ್ಲಾಡದೆ ನಿಂತ ವಸ್ತುವಿನ ನೆನಪು ತರುತ್ತದೆ. ನನಗೆ ಇಷ್ಟವಾದದ್ದು ಬಟ್ಟೆ ಅಂಗಡಿಯ ಪದ. ಸೀರೆ ಕೊಳ್ಳುವಾಗ ಅಮ್ಮಂದಿರು ಸೆರಗನ್ನು ಎಳೆದು ನೋಡಿ “ಬಾಳಿಕೆ ಬರುತ್ತಾ?” ಅಂತ ಕೇಳುತ್ತಾರಲ್ಲ, ಅದೇ ಬಾಳಿಕೆ. ಬಾಳಿಕೆ ಬರುವ ಏಳಿಗೆ. ಇವತ್ತು ಉಟ್ಟರೂ ಚೆಂದ ಕಾಣಬೇಕು, ನಾಳೆ ಮಗಳು ಉಡೋಕೂ ಉಳಿದಿರಬೇಕು.

ವಿಶ್ವಸಂಸ್ಥೆ ನೇಮಿಸಿದ್ದ ಆಯೋಗವೊಂದು 1987ರಲ್ಲಿ ಕೊಟ್ಟ ವ್ಯಾಖ್ಯೆಯೂ ಹೆಚ್ಚು ಕಮ್ಮಿ ಇದೇ. ನಾರ್ವೆಯ ಪ್ರಧಾನಿ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅದರ ಅಧ್ಯಕ್ಷೆ. ಮುಂದಿನ ಪೀಳಿಗೆಯವರು ತಮ್ಮ ಅಗತ್ಯ ಪೂರೈಸಿಕೊಳ್ಳುವ ಶಕ್ತಿಗೆ ಕುಂದು ಬಾರದಂತೆ ಇವತ್ತಿನವರ ಅಗತ್ಯ ಪೂರೈಸುವುದೇ ಸುಸ್ಥಿರ ಅಭಿವೃದ್ಧಿ ಎಂದು ಆಯೋಗ ಹೇಳಿತು. ಇಲ್ಲಿ ‘ಅಗತ್ಯ’ ಅನ್ನುವುದು ಮುಖ್ಯ. ಅದರಲ್ಲೂ ಬಡವರ ಅಗತ್ಯಕ್ಕೆ ಮೊದಲ ಸ್ಥಾನ ಎಂದು ಆಯೋಗ ಬಿಡಿಸಿ ಹೇಳಿತ್ತು. ಭಾಷಣಗಳಲ್ಲಿ ಮಾತ್ರ ಈ ಭಾಗ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಆದರೆ ಈ ಯೋಚನೆ 1987ಕ್ಕಿಂತ ತುಂಬಾ ಹಳೆಯದು. ಮಜಾ ಅಂದರೆ ಇದು ಬರಹಕ್ಕೆ ಬಂದದ್ದು ಗಣಿಯೂರಿನಲ್ಲೇ. ಜರ್ಮನಿಯ ಸ್ಯಾಕ್ಸನಿಯಲ್ಲಿ ಫ್ರೈಬರ್ಗ್ ಅಂತ ಬೆಳ್ಳಿ ಗಣಿಗಳ ಊರು. ಅದಿರು ಕರಗಿಸುವ ಕುಲುಮೆಗೂ ಸುರಂಗಕ್ಕೆ ಆಸರೆ ಕೊಡುವುದಕ್ಕೂ ಮರ ಬೇಕು. ಕಡಿದು ಕಡಿದು ಸುತ್ತಲಿನ ಕಾಡು ಬರಿದಾಯಿತು. ಬೆಳ್ಳಿ ಇದೆ, ಕರಗಿಸೋಕೆ ಸೌದೆ ಇಲ್ಲ! ಗಣಿ ಇಲಾಖೆಯ ಹಿರಿಯ ಅಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ 1713ರಲ್ಲಿ ಇದರ ಬಗ್ಗೆ ಬರೆದ. ಬೆಳೆಯುವಷ್ಟನ್ನೇ ಕಡಿಯಬೇಕು, ಕಡಿದದ್ದನ್ನು ಮತ್ತೆ ಬೆಳೆಸಬೇಕು ಅನ್ನುವುದು ಅವನ ಮಾತಿನ ತಿರುಳು. ಅವನು ಮರ ಉಳಿಸಲು ಹೊರಟದ್ದು ಮರದ ಮೇಲಿನ ಪ್ರೀತಿಗಲ್ಲ, ಗಣಿ ನಡೆಯಲಿ ಅಂತ. ಹೀಗೆ ಈ ಪದದ ಬೇರು ವ್ಯಾಪಾರದ ಲೆಕ್ಕದಲ್ಲೇ ಇದೆ.

ನಮ್ಮಲ್ಲೂ ಇಂಥ ಲೆಕ್ಕ ಇತ್ತು. ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟುಕೊಟ್ಟ ಕಾಡಿಗೆ ‘ಸೊಪ್ಪಿನ ಬೆಟ್ಟ’ ಅಂತಾರೆ. ಒಂದು ಎಕರೆ ಅಡಿಕೆ ತೋಟಕ್ಕೆ ಸುಮಾರು 9 ಎಕರೆವರೆಗೆ ಬೆಟ್ಟ. ಅಲ್ಲಿಂದ ಸೊಪ್ಪು, ದರಕು (ಉದುರಿದ ಒಣ ಎಲೆ) ತರುತ್ತಾರೆ. ಅದು ಕೊಟ್ಟಿಗೆಗೆ ಹೋಗಿ, ಗೊಬ್ಬರವಾಗಿ ತೋಟಕ್ಕೆ ಬರುತ್ತದೆ. ಸೊಪ್ಪು ಕಡಿಯುವಾಗ ಮರದ ತುದಿ ಮುಟ್ಟಬಾರದು. ಕೊಂಬೆ ತೆಗೆದರೆ ಮತ್ತೆ ಚಿಗುರುತ್ತದೆ, ತುದಿ ಹೋದರೆ ಮರ ಸೊರಗುತ್ತದೆ. ಕೊಂಬೆ ಬಡ್ಡಿ, ಮರ ಅಸಲು. ಬಡ್ಡಿ ತಿನ್ನು, ಅಸಲು ಮುಟ್ಟಬೇಡ. ಹಾಗಂತ ಎಲ್ಲ ಬೆಟ್ಟಗಳೂ ಹಸಿರಾಗಿ ಉಳಿದಿವೆ ಅಂದುಕೊಳ್ಳಬೇಡಿ. ಬೋಳಾದ ಬೆಟ್ಟಗಳು ಬೇಕಾದಷ್ಟಿವೆ. ನಿಯಮ ಗೊತ್ತಿರುವುದೇ ಬೇರೆ, ಪಾಲಿಸುವುದೇ ಬೇರೆ ಅಲ್ವಾ.

ಈಗ ಬಡ ದೇಶದ ತಕರಾರಿಗೆ ಬರೋಣ. 1972ರಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಪರಿಸರದ ಬಗ್ಗೆ ಮೊದಲ ದೊಡ್ಡ ಜಾಗತಿಕ ಸಮ್ಮೇಳನ ನಡೆಯಿತು. ಬಡತನ ಮತ್ತು ಕೊರತೆಗಳೇ ಎಲ್ಲಕ್ಕಿಂತ ದೊಡ್ಡ ಮಾಲಿನ್ಯಕಾರಕಗಳಲ್ಲವೇ ಎಂದು ಇಂದಿರಾ ಗಾಂಧಿ ಅಲ್ಲಿ ಕೇಳಿದರು. ಈ ಮಾತನ್ನು ‘ಮೊದಲು ಕಾರ್ಖಾನೆ, ಆಮೇಲೆ ಪರಿಸರ’ ಅನ್ನುವವರು ಇವತ್ತಿಗೂ ಬಳಸುತ್ತಾರೆ. ಆದರೆ ಪರಿಸರವನ್ನು ಇನ್ನಷ್ಟು ಬಡವಾಗಿಸುವುದು ನಮಗೆ ಬೇಡ, ಹಾಗೆಂದು ಜನರ ಕಡುಬಡತನವನ್ನು ಒಂದು ಕ್ಷಣವೂ ಮರೆಯಲಾರೆವು ಎಂಬ ಅರ್ಥದ ಮಾತೂ ಅದೇ ಭಾಷಣದಲ್ಲಿತ್ತು. ಎರಡೂ ಬೇಕು ಅಂದದ್ದನ್ನು ಜನ ಅರ್ಧಕ್ಕೆ ಕತ್ತರಿಸಿಕೊಂಡರು. ಅದಾದ ಮೇಲೆ ಇಲ್ಲಿ ಕಾನೂನುಗಳು ಬಂದವು: 1974ರಲ್ಲಿ ನೀರಿಗೆ, 1980ರಲ್ಲಿ ಕಾಡಿಗೆ, 1981ರಲ್ಲಿ ಗಾಳಿಗೆ. ಭೋಪಾಲದ ಅನಿಲ ದುರಂತವಾದ ಮೇಲೆ, 1986ರಲ್ಲಿ, ಇಡೀ ಪರಿಸರಕ್ಕೆ.

ಸುಸ್ಥಿರ ಅಭಿವೃದ್ಧಿ ನಮ್ಮ ಕಾನೂನಿನೊಳಗೆ ಗಟ್ಟಿಯಾಗಿ ಕೂತದ್ದು 1996ರಲ್ಲಿ, ಚರ್ಮ ಹದ ಮಾಡುವ ಕಾರ್ಖಾನೆಗಳಿಂದಾಗಿ. ತಮಿಳುನಾಡಿನ ವೆಲ್ಲೂರು ಸೀಮೆಯಲ್ಲಿ ಅವುಗಳ ಕೊಳಕು ನೀರು ಪಾಲಾರ್ ನದಿಗೂ ಹೊಲಕ್ಕೂ ಸೇರುತ್ತಿತ್ತು. ಸುಮಾರು 35,000 ಹೆಕ್ಟೇರ್ ಜಮೀನು ಪೂರ್ತಿಯಾಗಿ ಇಲ್ಲವೇ ಭಾಗಶಃ ಕೆಟ್ಟಿದೆ ಎಂಬ ಸಮೀಕ್ಷೆ ಸುಪ್ರೀಂ ಕೋರ್ಟಿನ ಮುಂದಿತ್ತು. ಚರ್ಮ ರಫ್ತಿನಿಂದ ವಿದೇಶಿ ಹಣ ಬರುತ್ತದೆ, ಸಾವಿರಾರು ಜನಕ್ಕೆ ಕೆಲಸ ಇದೆ, ಇದನ್ನೂ ಕೋರ್ಟ್ ಒಪ್ಪಿತು. ಆದರೆ ಕೆಡಿಸಿದವನೇ ದಂಡ ತೆರಬೇಕು, ಸರಿಪಡಿಸುವ ಖರ್ಚೂ ಅವನದೇ ಎಂದು ಹೇಳಿತು. ತೀರ್ಪು ಬಂದು ಮೂರು ದಶಕವಾಗುತ್ತ ಬಂತು. ಅದೇ ವೆಲ್ಲೂರಿನ ಪರಿಹಾರದ ವಿಷಯದಲ್ಲಿ ಕೋರ್ಟ್ 2025ರ ಜನವರಿಯಲ್ಲಿ ಮತ್ತೆ ಆದೇಶ ಕೊಡಬೇಕಾಯಿತು.

ನೀರು, ಕಾಡು, ಮಣ್ಣು ಇವಕ್ಕೆಲ್ಲ ಬಡ್ಡಿ ಇದೆ. ಹಾಳು ಮಾಡದೆ ಬಿಟ್ಟರೆ ತಾವೇ ತುಂಬಿಕೊಳ್ಳುತ್ತವೆ. ಅದಿರಿಗೆ ಬಡ್ಡಿ ಎಲ್ಲಿದೆ? ಸಂಡೂರಿನ ಗುಡ್ಡದಿಂದ ಇಳಿದ ಒಂದು ಟಿಪ್ಪರ್ ಅದಿರು ಇನ್ನೊಂದು ಮಳೆಗಾಲಕ್ಕೆ ಮತ್ತೆ ಬೆಳೆಯಲ್ಲ. ತೆಗೆದದ್ದೆಲ್ಲ ಅಸಲೇ. ‘ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು’ ಅನ್ನುವ ಗಾದೆ ಇಲ್ಲಿ ಅಕ್ಷರಶಃ ನಿಜ. ಹಾಗಾದರೆ ಸುಸ್ಥಿರ ಗಣಿಗಾರಿಕೆ ಅನ್ನುವುದು ಸುಮ್ನೆ ಬಾಯಿಮಾತಾ?

ಬಳ್ಳಾರಿಯಲ್ಲಿ ಏನಾಯ್ತು ನೋಡಿ. 2003ರ ಆಚೀಚೆ ಚೀನಾದಲ್ಲಿ ಉಕ್ಕಿನ ಹಸಿವು ಜಾಸ್ತಿಯಾಯಿತು. ಅದಿರಿನ ರೇಟು ಗಗನಕ್ಕೇರಿತು. ಹಿಂದೆ ಯಾರೂ ಕೇಳದೆ ಗುಡ್ಡದ ಬದಿ ಸುರಿದಿದ್ದ ಪುಡಿ ಅದಿರಿಗೂ ಗಿರಾಕಿ ಬಂದರು. ಹತ್ತಿ, ಮೆಕ್ಕೆಜೋಳ ಬಿಟ್ಟು ಕೆಲವರು ಹೊಲದ ಮೇಲ್ಮಣ್ಣನ್ನೇ ಕೆರೆದು ಮಾರಿದರು. ಸಾಲ ಮಾಡಿ ಲಾರಿ ಕೊಂಡರು. ಆಗ ಸರ್ಕಾರಕ್ಕೆ ಬರುತ್ತಿದ್ದ ರಾಯಲ್ಟಿ ಟನ್ನಿಗೆ 30 ರೂಪಾಯಿ ಕೂಡ ದಾಟುತ್ತಿರಲಿಲ್ಲ. ಮಾರುಕಟ್ಟೆಯಲ್ಲಿ ಅದೇ ಟನ್ನಿಗೆ ಸಾವಿರಗಟ್ಟಲೆ. ಊರಿನ ಅಸಲು ಚಿಲ್ಲರೆ ಕಾಸಿಗೆ ಹೋಗುತ್ತಿತ್ತು ಅಂದರೆ ಅತಿಶಯವಲ್ಲ. ಬೆಲೆಯ ಮೇಲೆ ಶೇ 10ರ ಲೆಕ್ಕ ಬಂದದ್ದು 2009ರಲ್ಲಿ. 2014ರಲ್ಲಿ ಅದು ಶೇ 15 ಆಯಿತು. ಅಷ್ಟರಲ್ಲಿ ಸುಗ್ಗಿ ಮುಗಿದಿತ್ತು.

ಪರ್ಮಿಟ್ ಇಲ್ಲದ ಅದಿರು, ಪರ್ಮಿಟ್ಟಿಗಿಂತ ಜಾಸ್ತಿ ತೂಕದ ಲಾರಿ, ಗುತ್ತಿಗೆಯ ಗಡಿ ದಾಟಿ ಕಾಡಿಗೆ ನುಗ್ಗಿದ ಅಗೆತ, ಇದೆಲ್ಲ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿಗಳಲ್ಲಿ ದಾಖಲಾಗಿದೆ. ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರಿನದೂ ನಿಂತಿತು. ಧೂಳು ಇಳಿಯಿತು. ಕಂತು ಕಟ್ಟಲಾಗದ ಲಾರಿಗಳು ಸಾಲು ಸಾಲಾಗಿ ನಿಂತವು. ಈ ನೋವನ್ನು ಮರೆಮಾಚಿ ಪರಿಸರ ಗೆದ್ದಿತು ಎಂದು ಬರೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ತಪ್ಪು ಲೆಕ್ಕ ಬರೆದವರು ಯಾರೋ, ಕಂತು ಕಟ್ಟಲಾಗದೆ ಸೋತವರು ಯಾರೋ.

2013ರ ಏಪ್ರಿಲ್ ತೀರ್ಪಿನಲ್ಲಿ ಕೋರ್ಟ್ ಗಣಿಗಳನ್ನು ಮೂರು ಗುಂಪು ಮಾಡಿತು. ಕಮ್ಮಿ ತಪ್ಪಿನವು ಎ, ನಡುವಿನವು ಬಿ, ಭಾರಿ ಉಲ್ಲಂಘನೆಯವು ಸಿ. ಸಿ ಗುಂಪಿನ ಸುಮಾರು 50 ಗುತ್ತಿಗೆಗಳು ರದ್ದಾದವು. ಅದಕ್ಕಿಂತ ದೊಡ್ಡ ಸಂಗತಿ ವರ್ಷದ ಮಿತಿ. ಬಳ್ಳಾರಿಯಿಂದ ವರ್ಷಕ್ಕೆ 2.5 ಕೋಟಿ ಟನ್, ಚಿತ್ರದುರ್ಗ ಮತ್ತು ತುಮಕೂರಿನಿಂದ 50 ಲಕ್ಷ ಟನ್. ಅದಕ್ಕಿಂತ ಒಂದು ಟನ್ನೂ ಜಾಸ್ತಿ ತೆಗೆಯುವಂತಿರಲಿಲ್ಲ. ಒಂದೊಂದು ಗಣಿಗೂ ಬೇರೆ ಬೇರೆ ಮಿತಿ ಹಾಕುವಾಗ ಅಲ್ಲಿ ಅದಿರು ಎಷ್ಟಿದೆ, ತ್ಯಾಜ್ಯ ಮಣ್ಣು ಸುರಿಯಲು ಜಾಗ ಎಷ್ಟಿದೆ, ರಸ್ತೆ ಎಷ್ಟು ಲಾರಿ ತಾಳುತ್ತದೆ ಅನ್ನುವುದನ್ನು ನೋಡಿದರು.

ಇದನ್ನು ಓದಿದಾಗಲೇ ನನಗೆ ಆ ಪದದ ಅರ್ಥ ಹೊಳೆದದ್ದು. ಎಲ್ಲರೂ ತಕ್ಕಡಿಯ ಚಿತ್ರ ತೋರಿಸುತ್ತಾರೆ. ಈ ಕಡೆ ಪರಿಸರ, ಆ ಕಡೆ ಅಭಿವೃದ್ಧಿ, ನಡುವೆ ಸಮತೋಲನ. ತಕ್ಕಡಿಯಲ್ಲಿ ಕಾಲ ಇಲ್ಲ. ಗುಡ್ಡ 20 ವರ್ಷ ಬರುತ್ತದೋ ಇನ್ನೂ ಜಾಸ್ತಿಯೋ, ಬಂದ ದುಡ್ಡು ಯಾರ ಮನೆಗೆ ಹೋಯಿತು, ಹಳ್ಳ ಯಾರ ಊರಲ್ಲಿ ಉಳಿಯಿತು, ತಕ್ಕಡಿ ಇದನ್ನೆಲ್ಲ ಹೇಳಲ್ಲ. ಹೇಳುವುದು ಖಾತೆ ಪುಸ್ತಕ. ವರ್ಷಕ್ಕೆ ಎಷ್ಟು, ಯಾರಿಗೆ, ಪ್ರತಿಯಾಗಿ ಏನು. ಬಳ್ಳಾರಿಯಲ್ಲಿ ಮೊದಲ ಸಲ ‘ಸುಸ್ಥಿರ’ ಅನ್ನುವ ಪದಕ್ಕೆ ಒಂದು ಅಂಕಿ ಸಿಕ್ಕಿತು, ಕಾಟಾ ಮೇಲೆ ನಿಲ್ಲಿಸಿ ತೂಗಬಹುದಾದ ಅಂಕಿ.

ಅಂಕಿ ಕಲ್ಲಿನಲ್ಲಿ ಕೆತ್ತಿದ್ದೇನೂ ಅಲ್ಲ. 2017ರಲ್ಲಿ ಬಳ್ಳಾರಿಯ ಮಿತಿ 2.8 ಕೋಟಿ ಟನ್ ಆಯಿತು, 2022ರಲ್ಲಿ 3.5 ಕೋಟಿ. ಚಿತ್ರದುರ್ಗ, ತುಮಕೂರಿನದು 70 ಲಕ್ಷವಾಗಿ, ಆಮೇಲೆ 1.5 ಕೋಟಿಗೆ ಏರಿತು. ಉಕ್ಕಿನ ಕಾರ್ಖಾನೆಗಳಿಗೆ ಅದಿರು ಸಾಲುತ್ತಿಲ್ಲ ಅನ್ನುವ ವಾದವೂ ಸುಳ್ಳಲ್ಲ. ಆದರೆ ಒಂಬತ್ತು ವರ್ಷದಲ್ಲಿ ಗುಡ್ಡವೇನೂ ಬೆಳೆದಿಲ್ಲವಲ್ಲ! ಮಿತಿ ಏರಿಸುವಾಗ ಅಸಲಿನ ಬದಲಿಗೆ ಏನನ್ನು ಕೂಡಿಡುತ್ತಿದ್ದೇವೆ ಅನ್ನುವ ಪ್ರಶ್ನೆ ಇನ್ನಷ್ಟು ಬಿಗಿಯಾಗಬೇಕು.

ಇದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಸೂತ್ರವಿದೆ. ಕೆನಡಾದ ಜಾನ್ ಹಾರ್ಟ್‌ವಿಕ್ 1977ರಲ್ಲಿ ಮಂಡಿಸಿದ್ದು. ಮುಗಿದುಹೋಗುವ ಸಂಪತ್ತಿನಿಂದ ಬಂದ ಲಾಭವನ್ನು ಉಂಡು ಮುಗಿಸಬೇಡ, ಬಾಳಿಕೆ ಬರುವ ಇನ್ನೊಂದು ಆಸ್ತಿಯಾಗಿ ಮಾಡಿಕೋ ಎನ್ನುತ್ತದೆ ಅದು. ನೆಲದೊಳಗಿನ ಅದಿರು ನೆಲದ ಮೇಲೆ ಶಾಲೆ, ಕೆರೆ, ಆಸ್ಪತ್ರೆ, ಕೈಕಸುಬು ಆಗಬೇಕು. ಕೆಲವರು ಇದನ್ನು ಒಪ್ಪುವುದಿಲ್ಲ. ಕಾಡಿನ ಬದಲು ಕಟ್ಟಡ ಕೊಟ್ಟರೆ ಸರಿಹೋಗುತ್ತಾ, ಬತ್ತಿದ ತೊರೆಗೆ ಬೆಲೆ ಕಟ್ಟೋಕೆ ಆಗುತ್ತಾ ಅನ್ನುತ್ತಾರೆ. ನನಗೆ ಇಬ್ಬರ ಮಾತೂ ಅರ್ಧರ್ಧ ಸರಿ ಅನಿಸುತ್ತದೆ. ಅದಿರಿನ ಬದಲು ಆಸ್ಪತ್ರೆ ಬರಬಹುದು, ನದಿಯ ಮೂಲದ ಬದಲು ಏನು ತಂದರೂ ಆಗಲ್ಲ. ಕುದುರೆಮುಖದಲ್ಲಿ ಆದದ್ದು ಈ ಎರಡನೆಯ ಲೆಕ್ಕ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಸೀಮೆ ಅದು. 1987ರಲ್ಲಿ ರಾಷ್ಟ್ರೀಯ ಉದ್ಯಾನವೂ ಆಯಿತು. ಅಲ್ಲಿಗೆ ಯಾವ ಮಿತಿಯೂ ಸಾಲದಾಯಿತು. ಅಲ್ಲಿನ ಕಬ್ಬಿಣದ ಅದಿರಿನ ಗಣಿ ನಿಲ್ಲಿಸಲು ಸುಪ್ರೀಂ ಕೋರ್ಟ್ 2002ರಲ್ಲಿ ಆದೇಶ ಕೊಟ್ಟಿತು, 2005ರ ಕೊನೆಗೆ ಅದು ಮುಚ್ಚಿತು.

ಬಳ್ಳಾರಿಗೆ ಹಾರ್ಟ್‌ವಿಕ್ ಸೂತ್ರ ಒಂದು ಮಟ್ಟಿಗೆ ಬಂದಿದೆ. ಅದಿರು ಮಾರಿದ ಹಣದಲ್ಲಿ ಶೇ 10ರಷ್ಟನ್ನು ಗಣಿ ಪರಿಸರದ ಪುನಶ್ಚೇತನಕ್ಕೆ ಎತ್ತಿಡಬೇಕೆಂದು ಕೋರ್ಟ್ ಹೇಳಿತ್ತು. 2015ರ ಕಾನೂನು ತಿದ್ದುಪಡಿಯಿಂದ, ಗಣಿಯಿಂದ ತೊಂದರೆಗೊಳಗಾದ ಊರುಗಳಿಗಾಗಿ ಜಿಲ್ಲಾ ಖನಿಜ ಪ್ರತಿಷ್ಠಾನಗಳೂ ಬಂದವು. ಹಳೆಯ ಗಣಿಗಳು ರಾಯಲ್ಟಿಯ ಶೇ 30ರಷ್ಟು ಹಣವನ್ನು ಅವಕ್ಕೆ ಕಟ್ಟಬೇಕು. ಪುನಶ್ಚೇತನಕ್ಕೆ ಸುಮಾರು 25,000 ಕೋಟಿ ರೂಪಾಯಿಯ ಯೋಜನೆಗೆ 2022ರಲ್ಲಿ ಕೋರ್ಟ್ ಒಪ್ಪಿಗೆ ಕೊಟ್ಟಿತು. ಹಣ ಕೂಡಿಡೋಕೆ ಶುರುವಾಗಿ ಅದೆಷ್ಟೋ ವರ್ಷ ಕಳೆದ ಮೇಲೆ!

ಅವತ್ತು ಚಹಾ ಅಂಗಡಿಯಲ್ಲಿ ಆ ಚಾಲಕರನ್ನು ಕೇಳಿದ್ದೆ, ಆಗಿನ ದುಡ್ಡಿನಲ್ಲಿ ಈಗ ಏನು ಉಳಿದಿದೆ ಅಂತ. ಲಾರಿ ಬ್ಯಾಂಕಿನವರು ಒಯ್ದರು. ಕಟ್ಟಿಸಿದ ಮನೆಗೆ ಮೇಲ್ಮಹಡಿ ಬರಲೇ ಇಲ್ಲ, ಕಬ್ಬಿಣದ ಸರಳು ಹಾಗೇ ನಿಂತಿವೆ. ಲೋಟ ಕೆಳಗಿಟ್ಟು ಸ್ವಲ್ಪ ಯೋಚನೆ ಮಾಡಿದರು. “ಮಗಳ ನರ್ಸಿಂಗ್ ಫೀಜು ಕಟ್ಟಿದ್ದೆ ನೋಡ್ರಿ, ಅದೊಂದು ಐತಿ. ಹುಬ್ಬಳ್ಳ್ಯಾಗ ಕೆಲಸ ಮಾಡ್ತಾಳ.”